ಹಿತ್ತಿಲಲ್ಲೊಂದು ಮನೆ: ಅರ್ಜಿಗಿಂತ ಮೊದಲು ನೆಲವನ್ನು ಓದಬೇಕು

ನಮ್ಮ ಮನೆಯ ಹಿತ್ತಿಲಿನಲ್ಲಿ 746 ಚದರ ಅಡಿಯ ಪುಟ್ಟ ಮನೆಯೊಂದನ್ನು ಕಟ್ಟಿಸಿ ಮುಗಿಸಿದೆವು. ನಾವಿರುವುದು ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿಯಲ್ಲಿ, ಸ್ಯಾನ್ ಹೊಸೆಗೆ ಅಂಟಿಕೊಂಡಂತಿರುವ ಒಂದು ಊರಿನಲ್ಲಿ. ಆರಾರು ತಿಂಗಳು ಬಂದು ಹೋಗುತ್ತಿದ್ದ ಅಪ್ಪ ಅಮ್ಮ ಇನ್ನು ಹಾಸನದ ಮನೆಗೆ ಬೀಗ ಹಾಕಿ ನಮ್ಮೊಂದಿಗೇ ಇರುವುದೆಂದು ತೀರ್ಮಾನವಾದಾಗ, ಅವರಿಗೆ ಒಂದು ಕೋಣೆ ಬಿಟ್ಟುಕೊಟ್ಟರೆ ಸಾಲದು, ಬೆಳಗಿನ ಜಾವ ಎದ್ದು ಯಾರ ನಿದ್ದೆಯನ್ನೂ ಕೆಡಿಸದೆ ಕಾಫಿ ಕಾಸಿಕೊಳ್ಳಲು ಅಮ್ಮನಿಗೆ ಅವರದೇ ಒಲೆ ಬೇಕು ಎಂದು ನನಗೆ ಬಲವಾಗಿ ಅನಿಸಿತು. ಇಲ್ಲಿ ಇಂಥ ಮನೆಯನ್ನು ಎ.ಡಿ.ಯು. (ಆಕ್ಸೆಸರಿ ಡ್ವೆಲಿಂಗ್ ಯೂನಿಟ್) ಎನ್ನುತ್ತಾರೆ. ನಮ್ಮ ಕಡೆಯ ಔಟ್‌ಹೌಸ್ ಎಂಬ ಮಾತು ಇದಕ್ಕೆ ಹತ್ತಿರವಾದರೂ, ಎ.ಡಿ.ಯು. ಎನಿಸಿಕೊಳ್ಳಲು ಅಡುಗೆಮನೆ, ಬಚ್ಚಲು, ಮಲಗುವ ಜಾಗ ಎಲ್ಲವೂ ಅದರೊಳಗೇ ಇರಬೇಕು. ಈ ಕೆಲಸಕ್ಕೆ ಕೈ ಹಾಕಲು ಯೋಚಿಸುತ್ತಿರುವ ಕನ್ನಡದ ಸ್ನೇಹಿತರು ಮೇಲಿಂದ ಮೇಲೆ ವಿಚಾರಿಸುತ್ತಿರುವುದರಿಂದ, ನಾವು ನಡೆದ ದಾರಿಯನ್ನೂ ಎಡವಿದ ಜಾಗಗಳನ್ನೂ ಬರೆದಿಡುತ್ತಿದ್ದೇನೆ.

ವಿಷಯ ತಿಳಿಸಿದ ದಿನ ಅಪ್ಪ ವಿಡಿಯೋ ಕರೆಯಲ್ಲಿ ಕೇಳಿದ ಮೊದಲ ಪ್ರಶ್ನೆ, "ಇದಕ್ಕೆ ಯಾರನ್ನು ಹೋಗಿ ನೋಡಬೇಕು, ಪುಟ್ಟೀ?" ಎಂಬುದಾಗಿತ್ತು. ಯಾರನ್ನೂ ನೋಡಬೇಕಿಲ್ಲ ಎಂಬ ಉತ್ತರವನ್ನು ಅವರು ನಂಬಲು ಕೆಲವು ದಿನ ಹಿಡಿಯಿತು. ಕ್ಯಾಲಿಫೋರ್ನಿಯಾದ ಕಾನೂನಿನ ತಿರುಳೇ ಇದು. ಅರ್ಜಿಯು ಬರೆದಿಟ್ಟ ನಿಯಮಗಳಿಗೆ ಹೊಂದುತ್ತಿದ್ದರೆ ನಗರಾಡಳಿತ ಪರ್ಮಿಟ್ ಕೊಡಲೇಬೇಕು. ಅಲ್ಲಿ ಅಧಿಕಾರಿಯ ವಿವೇಚನೆಗಾಗಲಿ, ಸಾರ್ವಜನಿಕ ವಿಚಾರಣೆಗಾಗಲಿ, ನೆರೆಯವರ ಆಕ್ಷೇಪಣೆಗಾಗಲಿ ಎಡೆಯಿಲ್ಲ. ಹಾಗಿದ್ದೂ ನಾನು ಎರಡೂ ಪಕ್ಕದ ಮನೆಗಳಿಗೆ ಹೋಗಿ, ಇಂಥ ತಿಂಗಳಿಂದ ಸದ್ದುಗದ್ದಲ ಇರುತ್ತದೆ ಎಂದು ಹೇಳಿ ಬಂದೆ. ಅದು ಕಾನೂನಿಗಾಗಿ ಮಾಡಿದ್ದಲ್ಲ.

ಈ ಹಕ್ಕು ಒಂದೇ ದಿನದಲ್ಲಿ ಬಂದದ್ದಲ್ಲ. ಒಂದೇ ನಿವೇಶನದಲ್ಲಿ ಎರಡನೆಯ ಮನೆಯ ಕುರಿತು ರಾಜ್ಯ ಮೊದಲು ಕಾನೂನು ಮಾಡಿದ್ದು 1982ರಲ್ಲಿ. ಆದರೆ ಊರೂರಿನ ಆಡಳಿತಗಳು ದೊಡ್ಡ ನಿವೇಶನವಿರಬೇಕು, ಹೆಚ್ಚುವರಿ ಕಾರಿಗೆ ಜಾಗ ತೋರಿಸಬೇಕು, ಮಾಲೀಕರು ಅಲ್ಲೇ ವಾಸವಿರಬೇಕು ಎಂದು ಷರತ್ತಿನ ಮೇಲೆ ಷರತ್ತು ಹಾಕಿ ಅದನ್ನು ಕಾಗದದಲ್ಲೇ ಉಳಿಸಿದ್ದವು. 2016ರಲ್ಲಿ ಅಂಗೀಕಾರವಾಗಿ 2017ರ ಜನವರಿಯಿಂದ ಜಾರಿಗೆ ಬಂದ ಎಸ್.ಬಿ. 1069 ಮತ್ತು ಎ.ಬಿ. 2299, ಅವುಗಳ ಬೆನ್ನಿಗೇ 2020ರ ಜನವರಿಯಿಂದ ಜಾರಿಯಾದ ಎ.ಬಿ. 68, ಎ.ಬಿ. 881, ಎಸ್.ಬಿ. 13 ಎಂಬ ಮಸೂದೆಗಳು ಆ ಷರತ್ತುಗಳನ್ನು ಒಂದೊಂದಾಗಿ ಕಿತ್ತುಹಾಕಿದವು. ಇವತ್ತು 800 ಚದರ ಅಡಿಯವರೆಗಿನ, ಪಕ್ಕದ ಮತ್ತು ಹಿಂದಿನ ಗಡಿಯಿಂದ 4 ಅಡಿ ಬಿಟ್ಟ ಪ್ರತ್ಯೇಕ ಎ.ಡಿ.ಯು. ಒಂದನ್ನು, ನಿವೇಶನದ ಎಷ್ಟು ಭಾಗ ಕಟ್ಟಡದಿಂದ ತುಂಬಿದೆ ಎಂಬ ಕಾರಣ ಕೊಟ್ಟು ಯಾವ ನಗರವೂ ನಿರಾಕರಿಸುವಂತಿಲ್ಲ. ಸಾರ್ವಜನಿಕ ಸಾರಿಗೆಗೆ ಅರ್ಧ ಮೈಲಿ ನಡಿಗೆಯೊಳಗೆ ಮನೆಯಿದ್ದರೆ ಕಾರು ನಿಲ್ಲಿಸುವ ಜಾಗ ಕೇಳುವಂತಿಲ್ಲ. ಗರಾಜನ್ನೇ ಮನೆಯಾಗಿ ಮಾರ್ಪಡಿಸಿದರೆ, ಹೋದ ಗರಾಜಿಗೆ ಬದಲಿ ತೋರಿಸೆಂದು ಕೇಳುವಂತಿಲ್ಲ. ಮೂಲ ಮನೆಗೆ ಬೆಂಕಿ ನಂದಿಸುವ ಸ್ಪ್ರಿಂಕ್ಲರ್ ಕಡ್ಡಾಯವಲ್ಲದಿದ್ದರೆ ಹೊಸ ಮನೆಗೂ ಅದು ಬೇಡ. ನಮ್ಮದು 1960ರ ದಶಕದ ಮನೆಯಾದ್ದರಿಂದ ಆ ಖರ್ಚು ಉಳಿಯಿತು. ಹಿತ್ತಿಲೇ ಇಲ್ಲದವರಿಗೆ, ಇರುವ ಮನೆಯ ಗೋಡೆಗಳೊಳಗೇ 500 ಚದರ ಅಡಿಯವರೆಗೆ ಮಾಡಿಕೊಳ್ಳುವ ಜೂನಿಯರ್ ಎ.ಡಿ.ಯು. ಎಂಬ ಇನ್ನೊಂದು ದಾರಿಯೂ ಇದೆ.

ಇಷ್ಟೆಲ್ಲ ಓದಿಕೊಂಡು, ಕಾನೂನು ನಮ್ಮ ಕಡೆಗಿದೆ ಎಂಬ ಧೈರ್ಯದಲ್ಲಿ ನಾವು ನೇರವಾಗಿ ನಕ್ಷೆಗೆ ಕೂತೆವು. ಆದ ತಪ್ಪು ಅದೇ. ರಾಜ್ಯದ ಕಾನೂನು ನಗರಾಡಳಿತದ ಕೈಗಳನ್ನು ಕಟ್ಟಬಲ್ಲದು. ನಮ್ಮ ನೆಲದ ಅಡಿಯಲ್ಲಿ ಏನಿದೆ, ನಮ್ಮ ಕ್ರಯಪತ್ರದ ಹಿಂದೆ ಏನು ಬರೆದಿದೆ ಎಂಬುದನ್ನು ಅದು ಬದಲಿಸಲಾರದು.

ನಮ್ಮ ನಿವೇಶನ 60 ಅಡಿ ಅಗಲ, 120 ಅಡಿ ಉದ್ದ. ನಕ್ಷೆ ಬರೆದವರು ಹಿಂದಿನ ಬೇಲಿಯಿಂದ 4 ಅಡಿ ಬಿಟ್ಟು, ಹಿತ್ತಿಲಿನ ಅಗಲಕ್ಕೆ ಅಡ್ಡಲಾಗಿ ಮನೆಯನ್ನು ಕೂರಿಸಿದ್ದರು. ನೋಡಲು ಚೆನ್ನಾಗಿಯೇ ಇತ್ತು. ಅರ್ಜಿ ಹಾಕಿದ ಮೇಲೆ ನಗರದ ಪರಿಶೀಲಕರಿಂದ ಬಂದ ಮೊದಲ ಟಿಪ್ಪಣಿಯಲ್ಲಿ, ಹಿಂದಿನ ಗಡಿಯುದ್ದಕ್ಕೂ 10 ಅಡಿ ಅಗಲದ ಸಾರ್ವಜನಿಕ ಸೌಲಭ್ಯದ ಈಸ್‌ಮೆಂಟ್ ಇದೆ, ಅದರ ಮೇಲೆ ಕಟ್ಟಡ ಬರುವಂತಿಲ್ಲ ಎಂದಿತ್ತು. ಈಸ್‌ಮೆಂಟ್ ಎಂದರೆ ನೆಲ ನಮ್ಮದೇ, ಆದರೆ ವಿದ್ಯುತ್ ತಂತಿ, ಕೊಳವೆ ಮುಂತಾದವುಗಳಿಗಾಗಿ ಅದರ ಮೇಲೆ ಬೇರೆಯವರಿಗೆ ಶಾಶ್ವತವಾದ ಹಕ್ಕು. ಗಡಿಯಿಂದ ನಾಲ್ಕು ಅಡಿ ಬಿಟ್ಟರೆ ಸಾಕೆಂಬ ಸೆಟ್‌ಬ್ಯಾಕ್ ನಿಯಮ ಈ ಹಕ್ಕನ್ನು ಅಳಿಸುವುದಿಲ್ಲ. ಈ ಸಂಗತಿ ಮನೆ ಕೊಂಡಾಗ ನಮ್ಮ ಕೈಗೆ ಬಂದಿದ್ದ, ಆಸ್ತಿಯ ಮೇಲೆ ಯಾರ ಯಾರ ಹಕ್ಕುಗಳಿವೆ ಎಂದು ತಿಳಿಸುವ ಟೈಟಲ್ ರಿಪೋರ್ಟಿನಲ್ಲಿ ಸ್ಪಷ್ಟವಾಗಿ ನಮೂದಾಗಿತ್ತು. ನಕ್ಷೆಯವರು ಅದನ್ನು ಕೇಳಿರಲಿಲ್ಲ, ನಾವು ಬೀರುವಿನಿಂದ ತೆಗೆದು ಕೊಟ್ಟಿರಲಿಲ್ಲ. ಪುನಃ ಬರೆಸಿದ ನಕ್ಷೆಗೆ ಹಣ ತೆತ್ತಿದ್ದಲ್ಲದೆ ಆರು ವಾರ ಹೋಯಿತು.

ಕಟ್ಟಡವನ್ನು ಆರು ಅಡಿ ಮುಂದಕ್ಕೆ ತಳ್ಳಿದರಾಯಿತು ಎಂದುಕೊಂಡರೆ, ಅಲ್ಲಿ ಓಕ್ ಮರ ನಿಂತಿದೆ. ಸ್ಯಾನ್ ಹೊಸೆಯಲ್ಲಿ ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಕಾಂಡದ ಸುತ್ತಳತೆ 38 ಇಂಚು ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಮರ ನಮ್ಮ ಹಿತ್ತಿಲಿನದೇ ಆಗಿದ್ದರೂ ಕಡಿಯಲು ಪ್ರತ್ಯೇಕ ಅನುಮತಿ ಬೇಕು. ನಮ್ಮ ಊರಿನಲ್ಲೂ ಅದೇ ಬಗೆಯ ನಿಯಮವಿದೆ. ಟೇಪು ಹಿಡಿದು ಸುತ್ತಿದಾಗ 61 ಇಂಚು ಬಂತು. ಅನುಮತಿ ಸಿಗುತ್ತಿತ್ತೋ ಇಲ್ಲವೋ, ನಾವು ಕೇಳಲೇ ಇಲ್ಲ. ಎರಡು ಬೇಸಿಗೆ ಅದರ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಸೊಪ್ಪು ಬಿಡಿಸಿದ್ದ ಅಮ್ಮ, ತಮಗಾಗಿ ಆ ಮರ ಉರುಳಿತೆಂದರೆ ಈ ಮನೆಯಲ್ಲಿ ನೆಮ್ಮದಿಯಿಂದ ಇರುತ್ತಿರಲಿಲ್ಲ.

ಕೊನೆಗೆ ಮನೆಯನ್ನು ತಿರುಗಿಸಿ, ಪೂರ್ವದ ಬೇಲಿಯುದ್ದಕ್ಕೂ ಉದ್ದವಾಗಿ ಇಟ್ಟೆವು. ಮರದ ಬೇರುಗಳಿಗೆ ಜಾಗ ಬಿಡಬೇಕಾದ್ದರಿಂದ ಬೇಲಿಯ ಕಡೆಗೆ 4 ಅಡಿಗಿಂತ ಹೆಚ್ಚು ಉಳಿಸಲಾಗಲಿಲ್ಲ. ಇದರ ಪರಿಣಾಮವನ್ನು ವಿವರವಾಗಿ ಹೇಳಬೇಕು, ಏಕೆಂದರೆ ಬಹಳ ಜನ ಇದನ್ನು ತಡವಾಗಿ ತಿಳಿಯುತ್ತಾರೆ. ನಿವೇಶನ ನಿಯಮದ ಪ್ರಕಾರ 4 ಅಡಿ ಸಾಕು, ನಿಜ. ಆದರೆ ಕಟ್ಟಡ ಸಂಹಿತೆಯು ಸ್ಪ್ರಿಂಕ್ಲರ್ ಇಲ್ಲದ ಮನೆಯ ಗೋಡೆ ಗಡಿಗೆ 5 ಅಡಿಗಿಂತ ಹತ್ತಿರವಿದ್ದರೆ ಅದು ಒಂದು ಗಂಟೆ ಬೆಂಕಿಯನ್ನು ತಡೆಯುವಂಥ ಗೋಡೆಯಾಗಿರಬೇಕು, ಅದರಲ್ಲಿ ಕಿಟಕಿ ಬಾಗಿಲುಗಳು ಗೋಡೆಯ ವಿಸ್ತೀರ್ಣದ ಶೇಕಡಾ 25ನ್ನು ಮೀರಬಾರದು, ಅತ್ತ ಚಾಚಿಕೊಂಡ ಸೂರಿಗೂ ಅಡಿಯಿಂದ ಬೆಂಕಿ ತಡೆಯ ಹೊದಿಕೆ ಇರಬೇಕು ಎನ್ನುತ್ತದೆ. ನಿಮ್ಮ ಹಿತ್ತಿಲಿನಲ್ಲಿ ಇನ್ನೊಂದೇ ಒಂದು ಅಡಿ ಜಾಗವಿದ್ದರೆ ದಯವಿಟ್ಟು 5 ಅಡಿ ಬಿಟ್ಟು ಕಟ್ಟಿ. ಆ ಒಂದಡಿ ಈ ಖರ್ಚಿನ ಬಹುಭಾಗವನ್ನು ತಪ್ಪಿಸುತ್ತದೆ. ನಾವು ಪೂರ್ವದ ಗೋಡೆಯಲ್ಲಿ ಬೆಳಗಿನ ಬಿಸಿಲಿಗೆಂದು ಚಿಕ್ಕ ಕಿಟಕಿಗಳನ್ನಷ್ಟೇ ಉಳಿಸಿಕೊಂಡು, ದೊಡ್ಡ ಕಿಟಕಿಗಳನ್ನೆಲ್ಲ ಮರದ ಕಡೆಗೆ ತಿರುಗಿಸಿದೆವು.

ಇನ್ನು ಒಳಚರಂಡಿ. ಹಾಸನದ ಮನೆಯನ್ನು ಮೇಸ್ತ್ರಿಯ ಜೊತೆ ನಿಂತು, ಪಾಯದಿಂದ ತಾರಸಿಯವರೆಗೆ ತಾವೇ ಉಸ್ತುವಾರಿ ಮಾಡಿ ಕಟ್ಟಿಸಿದ್ದ ಅಪ್ಪ, ಹೊಸ ನಕ್ಷೆಯನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿ, "ಬಚ್ಚಲಿನಿಂದ ರಸ್ತೆಯ ಕಡೆಗೆ ವಾಟ ಎಷ್ಟು ಕೊಟ್ಟಿದ್ದಾರೆ?" ಎಂದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಇಲ್ಲಿಯ ಮುಖ್ಯ ಚರಂಡಿ ಕೊಳವೆ ರಸ್ತೆಯ ಕಡೆಗಿರುತ್ತದೆ, ಹೊಸ ಮನೆ ಹಿತ್ತಿಲಿನ ಕೊನೆಯಲ್ಲಿ ಬರುತ್ತದೆ, ಮತ್ತು ಕೊಳವೆಗೆ ಪ್ರತಿ ಅಡಿಗೆ ಕಾಲು ಇಂಚಿನಂತೆ ವಾಟ ಕೊಡಬೇಕೆಂಬುದು ಸಂಹಿತೆಯ ಸಾಮಾನ್ಯ ನಿಯಮ. ನಕ್ಷೆಯಲ್ಲಿ ಬಚ್ಚಲು ಮನೆಯ ಅತ್ತ ತುದಿಯಲ್ಲಿದ್ದು, ಅಲ್ಲಿಂದ ಹಳೆಯ ಕೊಳವೆಗೆ ಕೂಡುವ ಜಾಗಕ್ಕೆ 100 ಅಡಿ ದೂರವಿತ್ತು. ಎಂದರೆ 25 ಇಂಚು ಇಳಿಜಾರು. ಹೊಸ ಮನೆಯ ನೆಲದಡಿ ಕೊಳವೆ ಹೊರಡುವಾಗಲೇ 14 ಇಂಚು ಆಳದಲ್ಲಿರುತ್ತದೆ. ಎರಡೂ ಕೂಡಿದರೆ 39 ಇಂಚು. ಮಾರನೆಯ ದಿನ ಪ್ಲಂಬರನ್ನು ಕರೆಸಿ, ಕೂಡುವ ಜಾಗದಲ್ಲಿ ಮಣ್ಣು ತೆಗೆಸಿ ನೋಡಿದರೆ ಹಳೆಯ ಕೊಳವೆ ಇದ್ದದ್ದು 32 ಇಂಚು ಆಳದಲ್ಲಿ. ನೀರು ಮೇಲಕ್ಕೆ ಹರಿಯದು. ಹಾಗೆಯೇ ಬಿಟ್ಟಿದ್ದರೆ ಗುಂಡಿ ತೋಡಿ, ಮಲಿನ ನೀರನ್ನು ಮೇಲೆತ್ತುವ ಪಂಪನ್ನು ಕೂರಿಸಿ, ಅದರ ರಿಪೇರಿಯನ್ನು ಜೀವಮಾನವಿಡೀ ನೋಡಿಕೊಳ್ಳಬೇಕಾಗುತ್ತಿತ್ತು. ಕರೆಂಟ್ ಹೋದ ದಿನ ವಯಸ್ಸಾದವರಿಗೆ ಬಚ್ಚಲೇ ಇಲ್ಲದಂತಾಗುತ್ತಿತ್ತು. ಬಚ್ಚಲನ್ನು ಇತ್ತ ತುದಿಗೆ ತಂದೆವು. ದೂರ 72 ಅಡಿಗೆ ಇಳಿಯಿತು, ವಾಟ 18 ಇಂಚಿಗೆ ಇಳಿಯಿತು, 14ಕ್ಕೆ 18 ಕೂಡಿ ಸರಿಯಾಗಿ 32. ಒಂದಿಂಚೂ ಹೆಚ್ಚುಕಡಿಮೆಯಿಲ್ಲದೆ ಕೂತ ಆ ಲೆಕ್ಕವನ್ನು ಅಪ್ಪನಿಗೆ ಓದಿ ಹೇಳಿದಾಗ ಅವರು, ಕೊಳವೆ ಮುಚ್ಚುವ ಮೊದಲು ರಸಮಟ್ಟ ಇಟ್ಟು ನೀನೇ ನೋಡು ಎಂದರು. ನೋಡಿದೆ.

ವಿದ್ಯುತ್ತಿನ ವಿಚಾರ ಇಷ್ಟು ಸ್ವಾರಸ್ಯದ್ದಲ್ಲ, ಆದರೆ ಕಾಯಿಸುತ್ತದೆ. ಹಳೆಯ ಮನೆಗಳಲ್ಲಿ 100 ಆಂಪಿಯರ್ ಪ್ಯಾನೆಲ್ ಇದ್ದರೆ ಎರಡು ಮನೆಗಳ ಹೊರೆಯನ್ನು ಲೆಕ್ಕ ಹಾಕಿಸಬೇಕಾಗುತ್ತದೆ, ಹೆಚ್ಚಿನ ಸಂದರ್ಭಗಳಲ್ಲಿ 200 ಆಂಪಿಯರಿಗೆ ಏರಿಸಬೇಕಾಗುತ್ತದೆ, ಅದಕ್ಕೆ ವಿದ್ಯುತ್ ಕಂಪನಿಯ ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ಆ ಅರ್ಜಿಯನ್ನು ಪರ್ಮಿಟ್ ಬರುವವರೆಗೆ ಕಾಯದೆ ಮೊದಲೇ ಹಾಕಿ. ಹೊಸದಾಗಿ ಕಟ್ಟುವ ಪ್ರತ್ಯೇಕ ಎ.ಡಿ.ಯು.ಗೆ 2020ರಿಂದ ಸೌರಫಲಕ ಕಡ್ಡಾಯವೆಂದು ಕೇಳಿ ಗಾಬರಿಯಾಗಿದ್ದೆವು. ನಾವು ಅರ್ಜಿ ಹಾಕಿದಾಗ ಜಾರಿಯಲ್ಲಿದ್ದ 2022ರ ಇಂಧನ ಸಂಹಿತೆಯಲ್ಲಿ, ಲೆಕ್ಕದ ಪ್ರಕಾರ ಬೇಕಾಗುವ ಸೌರಫಲಕದ ಸಾಮರ್ಥ್ಯ 1.8 ಕಿಲೋವ್ಯಾಟ್‌ಗಿಂತ ಕಡಿಮೆಯಿದ್ದರೆ ವಿನಾಯಿತಿ ಇತ್ತು, ನಮ್ಮ ಪುಟ್ಟ ಮನೆ ಅದರೊಳಗೆ ಬಂತು. ಒಗ್ಗರಣೆಯ ಮನೆಗಳಿಗೆ ಒಂದು ಮಾತು: ಒಲೆಯ ಮೇಲಿನ ಹುಡ್ ಹೊಗೆಯನ್ನು ಹೊರಕ್ಕೇ ಕಳಿಸಬೇಕು, ಸೋಸಿ ಮತ್ತೆ ಒಳಕ್ಕೆ ಬಿಡುವಂಥದ್ದು ಹೊಸ ಮನೆಗೆ ನಡೆಯದು. ಈ ನಿಯಮವನ್ನು ನಾನು ಮನಸಾರೆ ಒಪ್ಪುತ್ತೇನೆ.

746 ಎಂಬ ಸಂಖ್ಯೆ ಹೇಗೆ ಬಂತೆಂದು ಕೆಲವರು ಕೇಳಿದ್ದಾರೆ. 750 ಚದರ ಅಡಿಗಿಂತ ಕಡಿಮೆಯಿರುವ ಎ.ಡಿ.ಯು. ಮೇಲೆ ಉದ್ಯಾನ, ರಸ್ತೆ ಮುಂತಾದವುಗಳ ಹೆಸರಿನ ಇಂಪ್ಯಾಕ್ಟ್ ಫೀ ಹಾಕುವಂತಿಲ್ಲವೆಂದು ಎಸ್.ಬಿ. 13 ಹೇಳುತ್ತದೆ, ಅದನ್ನು ದಾಟಿದರೆ ಮೂಲ ಮನೆಯ ವಿಸ್ತೀರ್ಣಕ್ಕೆ ಅನುಪಾತವಾಗಿ ಕಟ್ಟಬೇಕು. ಆದರೆ ನಕ್ಷೆ ಪರಿಶೀಲನೆಯ ಶುಲ್ಕ ಮತ್ತು ಪರ್ಮಿಟ್ ಶುಲ್ಕ ಇದ್ದೇ ಇರುತ್ತವೆ. 500 ಚದರ ಅಡಿಯನ್ನು ಮೀರಿದ ನಮ್ಮ ಮನೆಗೆ ಶಾಲಾ ಜಿಲ್ಲೆಗೂ (ಆ ಭಾಗದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ಚದರ ಅಡಿಯ ಲೆಕ್ಕದಲ್ಲಿ ಶುಲ್ಕ ಕಟ್ಟಿ, ಆ ರಸೀದಿಯನ್ನು ತೋರಿಸಿದ ಮೇಲೆಯೇ ಪರ್ಮಿಟ್ ಕೈಗೆ ಬಂದದ್ದು. ಪೂರ್ಣಗೊಂಡ ಅರ್ಜಿ ಸಲ್ಲಿಸಿದ 60 ದಿನಗಳೊಳಗೆ ನಗರ ಮಂಜೂರು ಮಾಡಬೇಕು ಅಥವಾ ಕುಂದುಕೊರತೆಗಳನ್ನೆಲ್ಲ, ಸರಿಪಡಿಸುವ ಬಗೆಯ ಸಹಿತ, ಬರೆದು ಕೊಡಬೇಕು. ಸುಮ್ಮನಿದ್ದರೆ ಮಂಜೂರಾಯಿತೆಂದೇ ಅರ್ಥ. ಇಲ್ಲಿ 'ಪೂರ್ಣಗೊಂಡ' ಎಂಬ ಪದವನ್ನು ಗಮನಿಸಬೇಕು. ನಮ್ಮ ತಡವೆಲ್ಲ ನಮ್ಮ ಕಾಗದಗಳಲ್ಲಿದ್ದ ಕೊರತೆಯಿಂದ ಆದದ್ದೇ ಹೊರತು ನಗರದ ಕಡೆಯಿಂದ ಆದದ್ದಲ್ಲ. ಹೊಸ ನಕ್ಷೆ ಬರೆಸುವ ಶಕ್ತಿ ಇಲ್ಲದವರಿಗೆ ಇನ್ನೊಂದು ಅನುಕೂಲವಿದೆ: ಎ.ಬಿ. 1332ರ ಪ್ರಕಾರ 2025ರ ಜನವರಿಯೊಳಗೆ ಎಲ್ಲ ನಗರಗಳೂ ಮೊದಲೇ ಅನುಮೋದಿಸಿಟ್ಟ ನಕ್ಷೆಗಳ ವ್ಯವಸ್ಥೆ ಮಾಡಬೇಕಿತ್ತು, ಅಂಥ ನಕ್ಷೆಯನ್ನು ಆರಿಸಿಕೊಂಡರೆ ತೀರ್ಮಾನ 30 ದಿನಗಳಲ್ಲಿ ಬರಬೇಕು. ಆದರೂ ಈಸ್‌ಮೆಂಟ್, ಮರ, ವಾಟ ಇವು ಮೂರನ್ನೂ ನಿಮ್ಮ ನೆಲದಲ್ಲಿ ನೀವೇ ನೋಡಿಕೊಳ್ಳಬೇಕು. ಅವು ಯಾವ ಸಿದ್ಧ ನಕ್ಷೆಯಲ್ಲೂ ಇರುವುದಿಲ್ಲ.

ಕಾಂಟ್ರಾಕ್ಟರನ್ನು ಹುಡುಕುವಾಗ ನಡೆದದ್ದನ್ನೂ ಹೇಳಿಬಿಡುತ್ತೇನೆ. ಮಾತಿನಲ್ಲಿ ಬಹಳ ಸಜ್ಜನರಂತೆ ತೋರಿದ ಒಬ್ಬರು, ಸಾಮಾನಿನ ಬೆಲೆ ಏರುತ್ತಿದೆ ಎಂದು ಒಟ್ಟು ಮೊತ್ತದ ಕಾಲು ಭಾಗವನ್ನು ಮುಂಗಡವಾಗಿ ಕೇಳಿದರು. ಕ್ಯಾಲಿಫೋರ್ನಿಯಾದಲ್ಲಿ ಮನೆ ಕೆಲಸದ ಕರಾರಿಗೆ ಪಡೆಯಬಹುದಾದ ಮುಂಗಡ, ಸಾಮಾನ್ಯವಾಗಿ, ಒಟ್ಟು ಮೊತ್ತದ ಶೇಕಡಾ 10 ಅಥವಾ 1,000 ಡಾಲರ್, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಒಂದು ಇಡೀ ಮನೆಗೆ ಬರೀ ಸಾವಿರ ಡಾಲರ್! ಅದರ ನಂತರದ ಕಂತುಗಳೂ ಮುಗಿದ ಕೆಲಸದ ಬೆಲೆಯನ್ನು ಮೀರುವಂತಿಲ್ಲ. ಇದನ್ನು ತಿಳಿಸಿದ ಮೇಲೆ ಅವರು ಮತ್ತೆ ಕರೆ ಮಾಡಲಿಲ್ಲ. ರಾಜ್ಯದ ಪರವಾನಗಿ ಮಂಡಳಿಯ ಜಾಲತಾಣದಲ್ಲಿ ಯಾರದೇ ಪರವಾನಗಿ ಸಂಖ್ಯೆ ಹಾಕಿ ಅದು ಚಾಲ್ತಿಯಲ್ಲಿದೆಯೇ, ಕೆಲಸಗಾರರ ವಿಮೆ ಇದೆಯೇ ಎಂದು ನೋಡಬಹುದು. ಕಾಂಟ್ರಾಕ್ಟರಿಗೆ ನೀವು ಹಣ ಕೊಟ್ಟಿದ್ದರೂ ಅವರು ಮರದ ಅಂಗಡಿಗೆ ಬಾಕಿ ಉಳಿಸಿಕೊಂಡರೆ ಅಂಗಡಿಯವರು ನಿಮ್ಮ ಮನೆಯ ಮೇಲೆ ಹಕ್ಕು ದಾಖಲಿಸಬಹುದು. ಆದ್ದರಿಂದ ಪ್ರತಿ ಕಂತಿನ ಜೊತೆಗೆ ಹಕ್ಕು ಬಿಡುಗಡೆಯ ಪತ್ರ ಬರೆಸಿಕೊಳ್ಳಿ.

ಪರ್ಮಿಟ್ ಬಂದ ಮೇಲಿನ ಕೆಲಸವೆಲ್ಲ ತಪಾಸಣೆಗಳ ಮೇಲೆ ನಡೆಯುತ್ತದೆ. ಪಾಯದ ಕಾಂಕ್ರೀಟ್ ಸುರಿಯುವ ಮೊದಲು, ನೆಲದಡಿಯ ಕೊಳವೆ ಮುಚ್ಚುವ ಮೊದಲು, ಗೋಡೆಯೊಳಗಿನ ತಂತಿ ಕೊಳವೆಗಳನ್ನು ಹಲಗೆಯಿಂದ ಮರೆಮಾಡುವ ಮೊದಲು ಇನ್‌ಸ್ಪೆಕ್ಟರ್ ಬಂದು ಸಹಿ ಹಾಕಬೇಕು. ಪಾಯದ ದಿನ ಬಂದವರು ಮಾತಾಡದೆ ಬೇಲಿಯುದ್ದಕ್ಕೂ ದಾರ ಕಟ್ಟಿಸಿ, ದಾರದಿಂದ ಅಚ್ಚಿನ ಹಲಗೆಗೆ ಮೂರು ಕಡೆ ಅಳೆದರು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಮಾತ್ರ ಬಚ್ಚಲಿನ ಗೋಡೆಯ ತಪಾಸಣೆ. 2024ರ ಜುಲೈನಿಂದ ಇಲ್ಲಿಯ ಹೊಸ ಮನೆಗಳಲ್ಲಿ, ಪ್ರವೇಶದ ಅಂತಸ್ತಿನ ಒಂದು ಬಚ್ಚಲಿನಲ್ಲಾದರೂ ಮುಂದೆ ಹಿಡಿಕೆ ಕೂರಿಸಲು ಬರುವಂತೆ ಗೋಡೆಯೊಳಗೆ ಎರಡು ಇಂಚು ದಪ್ಪ ಎಂಟು ಇಂಚು ಅಗಲದ ಮರದ ಹಲಗೆಯನ್ನು ಬಿಗಿದಿಡಬೇಕು; ಆ ಬಚ್ಚಲಿನ ಬಾಗಿಲು ತೆರೆದಾಗ 32 ಇಂಚಾದರೂ ದಾರಿ ಬಿಡಬೇಕು. ಮುದುಕರಾಗುವವರನ್ನು ನೆನೆದು ಬರೆದ ನಿಯಮ ಇದು. ಶವರಿನ ಮೂರೂ ಗೋಡೆಗಳಲ್ಲಿ ಆ ಹಲಗೆಗಳು ಕೂತ ಮೇಲೆ, ಟೇಪನ್ನು ನೆಲದಿಂದ ಮೇಲಕ್ಕೆ ಹಿಡಿದು ಒಂದೊಂದರ ಎತ್ತರ ಕಾಣುವಂತೆ ಚಿತ್ರ ತೆಗೆದಿಟ್ಟುಕೊಂಡೆ. ಟೈಲ್ಸ್ ಬಿದ್ದ ಮೇಲೆ ಮರ ಎಲ್ಲಿದೆಯೆಂದು ಯಾರಿಗೂ ತಿಳಿಯುವುದಿಲ್ಲ. ಅಪ್ಪನಿಗೆ ಈಗ ಹಿಡಿಕೆ ಬೇಡ; ಅಮ್ಮನಿಗೆ ಬಂದ ವಾರವೇ ಒಂದು ಕೂರಿಸಿದೆವು.

ಪರ್ಮಿಟ್ ಇಲ್ಲದೆಯೇ ಕಟ್ಟಿದ ಹಿತ್ತಿಲ ಮನೆಗಳನ್ನು ಹಳೆಯ ಮಾಲೀಕರಿಂದ ಪಡೆದುಕೊಂಡು ಚಿಂತೆಯಲ್ಲಿರುವವರೂ ನಮ್ಮ ನಡುವೆ ಇದ್ದಾರೆ. 2020ಕ್ಕಿಂತ ಮೊದಲು ಕಟ್ಟಿದ ಅಂಥವುಗಳನ್ನು ಸಕ್ರಮ ಮಾಡಿಕೊಳ್ಳುವ ದಾರಿಯನ್ನು 2024ರ ಎ.ಬಿ. 2533 ಅಗಲ ಮಾಡಿದೆ. ಕಟ್ಟಡ ವಾಸಕ್ಕೆ ಅಪಾಯಕಾರಿ ಎನಿಸದಿದ್ದರೆ, ಬರೀ ಹೊಸ ಸಂಹಿತೆಗೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ನಿರಾಕರಿಸುವಂತಿಲ್ಲ. ಬಚ್ಚಿಟ್ಟುಕೊಂಡಿರುವುದಕ್ಕಿಂತ ಹೋಗಿ ವಿಚಾರಿಸಿ.

ಕೊನೆಯದು ಆಸ್ತಿ ತೆರಿಗೆ. ಅದರ ಏರಿಕೆಗೆ ಮಿತಿ ಹಾಕಿದ 1978ರ ಪ್ರಪೊಸಿಷನ್ 13 ಎಂಬ ಕಾನೂನಿನ ರಕ್ಷಣೆಯಿಂದಾಗಿ ಹಳೆಯ ಮನೆಯ ಮೌಲ್ಯವನ್ನು ಇದಕ್ಕಾಗಿ ಮತ್ತೆ ನಿರ್ಧರಿಸುವುದಿಲ್ಲ, ಹೊಸ ಕಟ್ಟಡದಿಂದ ಸೇರಿದ ಮೌಲ್ಯವನ್ನಷ್ಟೇ ಕೂಡಿಸುತ್ತಾರೆ. ಅದರ ಪೂರಕ ಬಿಲ್ಲು ವರ್ಷದ ಬಿಲ್ಲಿನಿಂದ ಬೇರೆಯಾಗಿ, ಸಾಲ ಕೊಟ್ಟ ಬ್ಯಾಂಕಿಗೆ ಹೋಗದೆ, ನೇರವಾಗಿ ಮಾಲೀಕರ ವಿಳಾಸಕ್ಕೇ ಬರುತ್ತದೆ. ಬ್ಯಾಂಕಿನವರು ಕಟ್ಟುತ್ತಾರೆಂದು ಸುಮ್ಮನಿದ್ದರೆ ದಂಡ ಬೀಳುತ್ತದೆ. ನಮ್ಮದು ಬಂದ ದಿನ ಅಪ್ಪ ಅದನ್ನು ಎರಡು ಸಲ ಓದಿ, ಸಹಿಗಳಿಂದ ತುಂಬಿದ ತಪಾಸಣೆ ಕಾರ್ಡು, ಶಾಲಾ ಜಿಲ್ಲೆಯ ರಸೀದಿ, ಟೈಟಲ್ ರಿಪೋರ್ಟು ಎಲ್ಲವನ್ನೂ ಒಟ್ಟಿಗೆ ಟ್ಯಾಗು ದಾರದಲ್ಲಿ ಪೋಣಿಸಿ ಒಂದು ಕಡತ ಮಾಡಿದರು. ಅದು ಈಗ ಅವರ ಮನೆಯ ಬೀರುವಿನಲ್ಲಿದೆ.